ಹೆಡ್‌ಫೋನ್‌ಗೂ ಮೊದಲು ಕಿವಿ ಪರೀಕ್ಷೆ

ಎರಡು ವರ್ಷ ತುಂಬಿದ ಕೂಸು ಇನ್ನೂ ‘ಅವ್ವಾ’ ಅನ್ನಲಿಲ್ಲವೆಂದರೆ ಕಲಬುರಗಿ ಜಿಲ್ಲೆಯ ನೆಲೋಗಿ ಕಡೆಯ ಮನೆಗಳಲ್ಲಿ ಮೊದಲು ಬರುವ ಸಮಾಧಾನ, ‘ಅವರಪ್ಪನೂ ಹಿಂಗೇ ತಡಾ ಮಾಡಿ ಮಾತಾಡ್ಯಾನ, ಬಿಡ್ರಿ’. ಆಮೇಲೆ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ. ಈಗ ಇವೆರಡರ ಜೊತೆಗೆ ಮೊಬೈಲಿನಲ್ಲಿ ‘ಶಬ್ದ ಚಿಕಿತ್ಸೆ’ಯ ಜಾಹೀರಾತೂ ಸೇರಿಕೊಂಡಿದೆ. ಮಗುವಿನ ಕಿವಿಗೆ ಹೆಡ್‌ಫೋನ್ ಹಾಕಿ ವಿಶೇಷ ಸಂಗೀತ ಕೇಳಿಸಿದರೆ ಮಾತು ಬರುತ್ತದೆ, ಹಟ ಇಳಿಯುತ್ತದೆ ಎಂಬ ಭರವಸೆ ಅದರದು.

ಈ ಪದ್ಧತಿಯ ಬೇರು ಫ್ರಾನ್ಸಿನಲ್ಲಿದೆ. ಆಲ್ಫ್ರೆಡ್ ಟೊಮಾಟಿಸ್ ಮತ್ತು ಗೀ ಬೆರಾರ್ ಎಂಬ ಇಬ್ಬರು ಕಿವಿ ವೈದ್ಯರು ಇದನ್ನು ಬೆಳೆಸಿದರು. ಬೆರಾರ್ ಕ್ರಮದಲ್ಲಿ ದಿನಕ್ಕೆ ಎರಡು ಬಾರಿ ಅರ್ಧ ಗಂಟೆಯಂತೆ ಒಟ್ಟು 10 ಗಂಟೆ ಕೇಳಿಸುತ್ತಾರೆ. ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ 2004ರಲ್ಲಿ, ವೈದ್ಯಕೀಯ ಪುರಾವೆ ತೂಗಿ ನೋಡುವ ಕಾಕ್ರೇನ್ ಪರಾಮರ್ಶೆ 2011ರಲ್ಲಿ ಇದನ್ನು ಪರಿಶೀಲಿಸಿದವು. ಫಲ ಸಿಗುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲವೆಂದೇ ಎರಡೂ ಹೇಳಿದವು. ಹಾಡು ಕೇಳಿ ಮಗು ಖುಷಿಪಟ್ಟರೆ ಪಡಲಿ. ಅದಕ್ಕಾಗಿ ಕಿವಿಯೋಲೆ ಒತ್ತೆ ಇಡಬೇಕಾಗಿಲ್ಲ.

ಮೊದಲ ಹೆಜ್ಜೆ: ಕೇಳಿಸುತ್ತದೆಯೇ?

‘ತಾಟು ಬಿದ್ದರೆ ತಿರುಗಿ ನೋಡ್ತದ್ರಿ’ ಎಂಬ ಮನೆಯ ಪರೀಕ್ಷೆಯನ್ನು ನಂಬಬೇಡಿ. ತಾಟಿನ ದೊಡ್ಡ ಸಪ್ಪಳ ಕೇಳುವ ಮಗುವಿಗೆ ‘ಸ’, ‘ಶ’ದಂಥ ಸಣ್ಣ, ತೀಕ್ಷ್ಣ ಧ್ವನಿಗಳು ಕೇಳದೇ ಇರಬಹುದು. ಅಂಥ ಮಗು ಮಾತನ್ನು ಅರ್ಧಂಬರ್ಧ ಹಿಡಿಯುತ್ತದೆ, ಹಾಗಾಗಿ ಅರ್ಧಂಬರ್ಧವೇ ಆಡುತ್ತದೆ. ಒಂದು ವರ್ಷಕ್ಕೆ ಹೆಸರು ಕರೆದರೆ ತಿರುಗದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಕೂಡಿಸಿ ಹೇಳದಿದ್ದರೆ, ಕಲಿತ ಮಾತು ನಿಂತುಹೋದರೆ ಕಾಯಬಾರದು. ರಕ್ತಸಂಬಂಧದ ಮದುವೆಯಾದ ಮನೆಗಳಲ್ಲಿ, ಹುಟ್ಟಿದಾಗ ತಡವಾಗಿ ಅತ್ತ ಅಥವಾ ಹೆಚ್ಚು ಕಾಮಾಲೆ ಆಗಿದ್ದ ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು.

ಊರಿನ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಗೆ ಹೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕೆಂಬುದು ನಿಯಮ. ಆ ತಂಡದ ಚೀಟಿ ಇದ್ದರೆ ಜಿಲ್ಲಾ ಮಟ್ಟದಲ್ಲಿ ಮುಂದಿನ ತಪಾಸಣೆ ಸುಲಭ. ತಂಡ ಬರುವವರೆಗೆ ಕೂಡಬೇಕೆಂದೇನೂ ಇಲ್ಲ, ನೇರ ಕಲಬುರಗಿಯ ಆಸ್ಪತ್ರೆಗೂ ಹೋಗಬಹುದು.

ಹೋಗುವ ದಿನದ ಒಂದು ಸಣ್ಣ ಗುಟ್ಟು. ಕಿವಿ ಕೇಳಿಸುತ್ತದೆಯೇ ಎಂದು ನೋಡುವ ‘ಬೆರಾ’ ಪರೀಕ್ಷೆಗೆ ಮಗು ನಿದ್ದೆಯಲ್ಲಿರಬೇಕು. ಹಿಂದಿನ ರಾತ್ರಿ ತಡವಾಗಿ ಮಲಗಿಸಿ ಬೇಗ ಎಬ್ಬಿಸುತ್ತೀರಿ. ಆದರೆ ಬಸ್ಸು ಹತ್ತಿದ ಕೂಡಲೇ ಕೂಸು ಮಲಗಿಬಿಟ್ಟರೆ, ಆಸ್ಪತ್ರೆಯಲ್ಲಿ ಕಣ್ಣರಳಿಸಿ ಕೂತು ಇಡೀ ದಿನ ಹಾಳು. ಜೇವರ್ಗಿ, ಕಟ್ಟಿಸಂಗಾವಿಯ ಭೀಮಾ ಸೇತುವೆ, ಎಲ್ಲ ದಾಟುವವರೆಗೂ ಮಾತಾಡಿಸುತ್ತ ಎಚ್ಚರ ಇಟ್ಟಿರಿ.

ಕಿವಿ ಸೋರುತ್ತಿದ್ದರೆ ಬೆಚ್ಚಗಿನ ಎಣ್ಣೆ ಬಿಡಬೇಡಿ, ಮೊದಲು ಅದಕ್ಕೇ ಔಷಧ ಆಗಬೇಕು. ವರ್ಷದೊಳಗಿನ ಕೂಸಿಗೆ ಬಜೆಯ ಜೊತೆ ಜೇನು ನೆಕ್ಕಿಸುವುದೂ ಬೇಡ.

ಮನೆಯ ಪಾಠ

ಕೇಳುವ ಅಭ್ಯಾಸ ನಿಜವಾಗಿ ಆಗುವುದು ಒಲೆಯ ಮುಂದೆ. ಮಗುವಿಗೆ ಶ್ರವಣಯಂತ್ರ ಕೊಟ್ಟಿದ್ದರೆ ಅದನ್ನು ಹಾಕಿಯೇ ಶುರುಮಾಡಿ. ಟಿವಿ ಆರಿಸಿ. ಮಗುವನ್ನು ಒಲೆಗೆ ಬೆನ್ನು ಮಾಡಿ ಕೂರಿಸಿ ರೊಟ್ಟಿ ಬಡಿಯಿರಿ. ಸಪ್ಪಳ ಬಂದಾಗ ಮನೆಯ ಇನ್ನೊಬ್ಬರು ತಮ್ಮ ಕಿವಿ ಮುಟ್ಟಿ ತೋರಿಸಿ ‘ಕೇಳಿಸ್ತೇನು? ರೊಟ್ಟಿ!’ ಎನ್ನಲಿ, ಆಮೇಲೆ ತಿರುಗಿಸಿ ತೋರಿಸಲಿ. ಮೊದಲು ಶಬ್ದ, ನಂತರ ವಸ್ತು: ಈ ಕ್ರಮ ತಪ್ಪಬಾರದು. ಕೆಲವು ದಿನ ಕಳೆದ ಮೇಲೆ ಡಬ್ಬಿಯಲ್ಲಿ ತೊಗರಿಬೇಳೆ ಅಲುಗಿಸುವ ಸದ್ದನ್ನು ಸೇರಿಸಿ. ಎರಡರಲ್ಲಿ ಯಾವುದೆಂದು ಮಗು ಕೈ ಮಾಡಿ ತೋರಿಸತೊಡಗಿದಾಗ ಆಡು, ಎಮ್ಮಿ, ಕಾಗಿಯ ಕೂಗಿಗೆ ಹೋಗಿ, ಅಲ್ಲಿಂದ ಮಾತಿಗೆ ಬನ್ನಿ.

ಕಿವುಡ ಮಕ್ಕಳ ಶಿಕ್ಷಣ ತಜ್ಞ ಡೇನಿಯಲ್ ಲಿಂಗ್ ರೂಪಿಸಿದ ಆರು ಧ್ವನಿಗಳ ತಪಾಸಣೆ ಇಲ್ಲಿ ಬಲು ಉಪಯೋಗಿ: ಮ್, ಊ, ಆ, ಈ, ಶ್, ಸ್. ಬಾಯಿ ಕಾಣದಂತೆ ಮಗುವಿನ ಹಿಂದೆ ಒಂದು ಮೀಟರ್ ದೂರದಲ್ಲಿ ಕೂತು, ಸಹಜ ದನಿಯಲ್ಲಿ ಒಂದೊಂದಾಗಿ ಹೇಳಿ. ಕೇಳಿಸಿದಾಗಲೆಲ್ಲ ಮಗು ಬುಟ್ಟಿಗೆ ಒಂದು ಕಡಲೆಬೀಜ ಹಾಕಲಿ. ಹೇಳುವ ಅಂತರ ಒಂದೇ ಸಮ ಇದ್ದರೆ ಜಾಣ ಮಕ್ಕಳು ಲೆಕ್ಕ ಹಾಕಿಯೇ ಬೀಜ ಹಾಕುತ್ತವೆ, ಬದಲಾಯಿಸುತ್ತಿರಿ. ಯಾವ ಧ್ವನಿ ತಪ್ಪುತ್ತದೋ ಬರೆದಿಟ್ಟು ಆಡಿಯಾಲಜಿಸ್ಟ್‌ಗೆ ತೋರಿಸಿ.

‘ಹೇಳು, ಹೇಳು’ ಎಂದು ಗಂಟು ಬೀಳಬೇಡಿ. ಗೊತ್ತಿರುವ ಹಾಡಿನ ಕೊನೆಯ ಪದಕ್ಕೆ ನಿಲ್ಲಿಸಿ, ಮನಸ್ಸಿನಲ್ಲೇ ಐದು ಎಣಿಸುತ್ತ ಮಗುವಿನ ಮುಖ ನೋಡಿ. ಅದು ‘ನೀ’ ಅಂದರೆ ನೀವು ‘ನೀರು ಬೇಕು’ ಅನ್ನಿ. ಇದರಲ್ಲಿ ಆಯಿಗಳು ಅಮ್ಮಂದಿರಿಗಿಂತ ಚುರುಕು, ಅವರಿಗೆ ಅವಸರವಿಲ್ಲವಲ್ಲ.

ಶಬ್ದಕ್ಕೆ ಅಂಜುವ ಮಕ್ಕಳು

ಕುಕ್ಕರ್ ಸೀಟಿಗೆ, ಮಿಕ್ಸರ್‌ಗೆ ಕಿವಿ ಮುಚ್ಚಿ ಚೀರುವ ಮಕ್ಕಳದು ಹಟವಲ್ಲ. ಆ ಸದ್ದನ್ನು ಅವಕ್ಕೆ ನಿಜಕ್ಕೂ ತಡೆಯಲಾಗದು. ‘ಈಗ ಮಿಕ್ಸರ್ ಹಾಕ್ತೀನಿ’ ಎಂದು ಮೊದಲೇ ಹೇಳಿ, ದೂರದಿಂದ ಶುರುಮಾಡಿ, ಎರಡು ಕ್ಷಣ ನಡೆಸಿ ನಿಲ್ಲಿಸಿ. ಧೈರ್ಯ ಬಂದಾಗ ಗುಂಡಿ ಅದೇ ಒತ್ತಲಿ. ರೂಢಿಯಾಗಲೆಂದು ಜಾತ್ರೆಯ ಡಿಜೆ ಮುಂದೆ ಎತ್ತಿ ಹಿಡಿಯುವುದು ಕ್ರೌರ್ಯ, ಕಿವಿಗೂ ಪೆಟ್ಟು. ಜೊತೆಗೆ ಹೆಸರಿಗೆ ತಿರುಗದೆ, ಕಣ್ಣು ಕೂಡಿಸದೆ ಇದ್ದರೆ ಕಿವಿ ಪರೀಕ್ಷೆಯ ಬಳಿಕ ಆಟಿಸಂ ತಪಾಸಣೆಯೂ ಆಗಬೇಕು.

ತೊಂದರೆ ಖಚಿತವಾದರೆ ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ದಾರಿಯೂ ಇದೆ. ದೂರ ಹೌದು, ಆದರೆ ಅಲ್ಲಿ ತಾಯಂದಿರಿಗೇ ಕಲಿಸಿ ಕಳಿಸುತ್ತಾರೆ, ಆನ್‌ಲೈನ್ ತರಬೇತಿಯೂ ಉಂಟು. ಹುಟ್ಟು ಕಿವುಡಿಗೆ ಕಾಕ್ಲಿಯರ್ ಇಂಪ್ಲಾಂಟ್ ಬೇಕೆಂದರೆ ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆಗೆ 5 ವರ್ಷದೊಳಗೇ ಅರ್ಜಿ ಹಾಕಬೇಕು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ. ಆಟಿಸಂ ಇದ್ದರೆ 1 ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆಗೂ ಅರ್ಜಿ ಹಾಕಿ. ಆಸ್ಪತ್ರೆಗೆ ಹೋಗುವಾಗ ತಾಯಿ ಕಾರ್ಡ್, ಆಧಾರ್ ಜೊತೆಗೆ ಮಗು ಮನೆಯಲ್ಲಿ ಆಡುತ್ತಿರುವಾಗ ಹಿಂದಿನಿಂದ ಹೆಸರು ಕರೆದ ಒಂದು ನಿಮಿಷದ ವಿಡಿಯೊ ಮೊಬೈಲಿನಲ್ಲಿರಲಿ. ಹೊಸ ಜಾಗದಲ್ಲಿ ಹೆದರಿ ಮುದುಡಿದ ಮಗುವನ್ನು ನೋಡಿ ತಿಳಿಯದ್ದು ವೈದ್ಯರಿಗೆ ಅದರಲ್ಲಿ ತಿಳಿಯುತ್ತದೆ.