ಹಾಲು ಒಸರುವ ಗಿಡಗಳ ಜಾಡು ಹಿಡಿದು: ಹಾಸನದ ಸುತ್ತ ಎರಡು ದಿನ

ಹಾಸನಕ್ಕೆ ಬಂದವರಲ್ಲಿ ಬಹುಪಾಲು ಮಂದಿ ಬೇಲೂರು, ಹಳೇಬೀಡು ನೋಡಿ ಹಿಂದಿರುಗುತ್ತಾರೆ. ಹೂಗಿಡಗಳ ಮೇಲೆ ಆಸೆಯಿದ್ದವರು ಇನ್ನೆರಡು ದಿನ ಉಳಿದು ಚನ್ನರಾಯಪಟ್ಟಣ, ಹಾಸನ, ಅರಕಲಗೂಡು, ಹೊಳೆನರಸೀಪುರಗಳ ಸುತ್ತು ಹಾಕಬೇಕು. ಇಲ್ಲಿ ನೋಡಬೇಕಾದದ್ದು ಮನೆಯಂಗಳ, ಗುಡಿಯ ಆವರಣ, ಶಾಲೆಯ ಕಾಂಪೌಂಡು ಮತ್ತು ಸಾಲುಮರಗಳನ್ನು.

ಗಿಡಗಳನ್ನು ಒಂದೊಂದಾಗಿ ನೆನಪಿಡಲು ಹೋದರೆ ಮಧ್ಯಾಹ್ನದೊಳಗೆ ತಲೆ ತುಂಬಿಹೋಗುತ್ತದೆ. ಕುಟುಂಬ ಹಿಡಿದು ನೋಡಿ. ಮೊದಲ ಪಾಠಕ್ಕೆ ಕಣಗಿಲೆಯ ಕುಟುಂಬ ಅಪೋಸೈನೇಸಿಯೇ ಸರಿ. ಕಣಗಿಲೆ, ದೇವಕಣಗಿಲೆ, ನಂದಿಬಟ್ಟಲು, ನಿತ್ಯಪುಷ್ಪ, ಹಳದಿ ಕಣಗಿಲೆ ಎಲ್ಲವೂ ಇದೇ ಮನೆತನದವು. ದೇವಕಣಗಿಲೆಯ ಎಲೆ ಚಿವುಟಿದರೆ ಬಿಳಿ ಹಾಲು ಒಸರುತ್ತದೆ. ಹೂವಿನ ಐದು ಎಸಳುಗಳು ಗಿರಗಿಟ್ಲೆಯ ರೆಕ್ಕೆಗಳಂತೆ ಒಂದೇ ಕಡೆಗೆ ತಿರುಗಿರುತ್ತವೆ. ಇವುಗಳ ತವರು ಮಾತ್ರ ಬೇರೆಬೇರೆ. ನಂದಿಬಟ್ಟಲು ನಮ್ಮ ಏಷ್ಯಾದ್ದೇ. ನಿತ್ಯಪುಷ್ಪ ಮಡಗಾಸ್ಕರ್ ದ್ವೀಪದ್ದು. ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಔಷಧಿ ಸಿಕ್ಕಿದ್ದು ಈ ಪುಟ್ಟ ಗಿಡದಿಂದ. ದೇವಕಣಗಿಲೆ ಮತ್ತು ಹಳದಿ ಕಣಗಿಲೆ ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆಯವು. ಅಷ್ಟು ದೂರದಿಂದ ಬಂದು ನಮ್ಮ ದೇವರ ತಲೆಯೇರಿದ ಹೂಗಳನ್ನು ಕಂಡಾಗ ನನಗೆ ಅಭಿಮಾನವೇ ಉಕ್ಕುತ್ತದೆ. ಕಣಗಿಲೆ, ಹಳದಿ ಕಣಗಿಲೆ ಎರಡೂ ವಿಷ. ಮಕ್ಕಳು ಜೊತೆಗಿದ್ದರೆ ಕಾಯಿ, ಎಲೆ ಬಾಯಿಗಿಡದಂತೆ ಕಣ್ಣಿಟ್ಟಿರಿ. ಮುಟ್ಟಿದ ಕೈ ತೊಳೆಸಿ.

ಬೆಂಗಳೂರಿನಿಂದ ಬರುವವರಿಗೆ ಮೊದಲು ಸಿಗುವುದು ಚನ್ನರಾಯಪಟ್ಟಣ. 2017ರಿಂದ ಈ ದಾರಿಯಲ್ಲಿ ನೇರ ರೈಲೂ ಇದೆ. ಇದು ಬಯಲುಸೀಮೆ, ಮಳೆ ಕಡಿಮೆ. ಕಾಗದದ ಹೂವಿಗೆ ಇಂಥ ಒಣ ನೆಲ, ಸುಡುಬಿಸಿಲು ಇದ್ದಷ್ಟೂ ಬಣ್ಣ. ಬ್ರೆಜಿಲ್ ಮೂಲದ ಈ ಬಳ್ಳಿಯ ಬಣ್ಣದ ‘ಎಸಳು’ ನಿಜಕ್ಕೂ ಎಲೆ. ಒಳಗಿರುವ ಸಣ್ಣ ಬಿಳಿ ಕೊಳವೆಯೇ ಹೂವು. ಸಂಜೆಮಲ್ಲಿಗೆ ಇದರ ಹತ್ತಿರದ ಬಂಧು, ಅದೂ ಅಮೆರಿಕದಿಂದ ಬಂದದ್ದೇ. ಶ್ರವಣಬೆಳಗೊಳ ಪಕ್ಕದಲ್ಲೇ ಇದೆ. ಬೆಟ್ಟವನ್ನು ಬರಿಗಾಲಲ್ಲಿ ಹತ್ತಬೇಕು, ಹಾಗಾಗಿ ಬಂಡೆ ಕಾಯುವ ಮುನ್ನ ಬೆಳಿಗ್ಗೆಯೇ ಹೋಗಿ.

ಹಾಸನದಲ್ಲಿ ಮಹಾರಾಜ ಪಾರ್ಕಿನಿಂದ ನಡಿಗೆ ಶುರುಮಾಡಿ. ಮರಗಳಿಗಾಗಿ ಬರುವುದಾದರೆ ಏಪ್ರಿಲ್, ಮೇ ತಿಂಗಳೇ ಸರಿ. ಆಗ ಮಡಗಾಸ್ಕರಿನ ಗುಲ್‌ಮೊಹರ್ ಕೆಂಪಾಗಿರುತ್ತದೆ, ನಮ್ಮ ನೆಲದ ಕಕ್ಕೆ ಹಳದಿಗೊಂಚಲು ಇಳಿಬಿಟ್ಟಿರುತ್ತದೆ. ಎರಡರ ಕೆಳಗೂ ಉದುರಿದ ಉದ್ದ ಕಾಯಿ ಹುಡುಕಿ ನೋಡಿ. ಎರಡೂ ಅವರೆ, ತೊಗರಿಯ ಕುಟುಂಬ. ಮೊಗ್ಗು ಹಿಚುಕಿ ನೀರು ಚಿಮ್ಮಿಸಿ ಮಕ್ಕಳು ಆಡುವ ನೀರುಕಾಯಿ ಮರ ಆಫ್ರಿಕದ್ದು. ಆಶ್ವಯುಜದಲ್ಲಿ ಹಾಸನಾಂಬೆಯ ಗುಡಿಯ ಬಾಗಿಲು ತೆರೆದಾಗ ಮಾರುಕಟ್ಟೆಯ ತುಂಬ ಚೆಂಡುಹೂ, ಸೇವಂತಿಗೆ. ಮೊದಲನೆಯದು ಮೆಕ್ಸಿಕೊದ್ದು, ಎರಡನೆಯದು ಚೀನಾದ ಕಡೆಯದು, ಕುಟುಂಬ ಮಾತ್ರ ಸೂರ್ಯಕಾಂತಿಯದೇ. ಆ ದಿನಗಳಲ್ಲಿ ಬರುವುದಾದರೆ ಲಾಡ್ಜನ್ನು ಬಹಳ ಮುಂಚೆ ಗೊತ್ತುಮಾಡಿಕೊಳ್ಳಿ, ಜನಜಂಗುಳಿ ವಿಪರೀತ.

ಅರಕಲಗೂಡಿಗೆ ರೈಲಿಲ್ಲ, ಬಸ್ಸೇ ಗತಿ. ಪಶ್ಚಿಮಕ್ಕೆ ಸರಿದಂತೆ ಮಲೆನಾಡಿನ ಗಾಳಿ ತಾಕುತ್ತದೆ. ಇಲ್ಲಿ ಕೇಪಳದ ಕೆಂಪು ಗೊಂಚಲನ್ನೂ ಕಾಫಿ ಗಿಡದ ಹೂವನ್ನೂ ಹೋಲಿಸಿ ನೋಡಿ: ಎದುರುಬದುರು ಎಲೆ, ಸಪೂರ ಕೊಳವೆಯ ಹೂವು. ಕೇಪಳ ದಕ್ಷಿಣ ಭಾರತ, ಶ್ರೀಲಂಕಾಗಳ ಗಿಡ, ಅರೇಬಿಕಾ ಕಾಫಿ ಇಥಿಯೋಪಿಯದ್ದು, ಎರಡೂ ರೂಬಿಯೇಸಿ ಕುಟುಂಬದವು. ಕಾಫಿ ಹೂ ನೋಡಲು ಮಾರ್ಚ್, ಏಪ್ರಿಲ್‌ನ ಹೂಮಳೆ ಬಿದ್ದ ಮುಂದಿನ ವಾರ ಬನ್ನಿ. ಬೇಲಿಯಲ್ಲಿ ಲಂಟಾನ ಕಂಡರೆ ಅದರ ಕಡ್ಡಿ ಮಾತ್ರ ಊರಿಗೆ ಒಯ್ಯಬೇಡಿ. ಅಮೆರಿಕದ ಈ ಗಿಡವನ್ನು ಅಂದಕ್ಕೆಂದು ತಂದು ನೆಟ್ಟಿದ್ದೇ ಇಂದು ನಮ್ಮ ಕಾಡುಗಳ ಉಸಿರು ಕಟ್ಟಿಸಿದೆ.

ಹೆಚ್ಚು ತಿಳಿಯಬೇಕೆನ್ನುವವರು ಸೆಸಿಲ್ ಸಲ್ಡಾನ ಮತ್ತು ಡಾನ್ ನಿಕೋಲ್ಸನ್ ಸಂಪಾದಿಸಿದ, 1976ರ ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’ ಗ್ರಂಥವನ್ನು ಹೊರಡುವ ಮೊದಲೇ ಗ್ರಂಥಾಲಯದಲ್ಲಿ ತಿರುವಿಹಾಕಿ. ಒಂದೇ ಜಿಲ್ಲೆಯ ಗಿಡಗಳಿಗೆ ಇಷ್ಟು ಶ್ರದ್ಧೆಯ ಪುಸ್ತಕ ಸಿಕ್ಕಿದ್ದು ಹಾಸನದ ಪುಣ್ಯ.

ಮನೆಯಂಗಳದ ಗಿಡವಾದರೆ ಗೇಟಿನ ಹೊರಗೆ ನಿಂತು, “ಅಮ್ಮಾ, ಗಿಡ ನೋಡಬಹುದಾ?” ಎಂದು ಕೇಳಿ. ಬಹಳ ಕಡೆ ಒಳಗೆ ಕರೆಯುತ್ತಾರೆ, ಒಂದು ಕಡ್ಡಿಯನ್ನೂ ಮುರಿದುಕೊಡುತ್ತಾರೆ. ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟುಕೊಳ್ಳಿ. ದೇವಕಣಗಿಲೆಯ ಕಡ್ಡಿಯನ್ನು ಮಾತ್ರ ನೆನೆಸಬಾರದು, ಕೊಳೆಯುತ್ತದೆ. ಕೆಲವು ದಿನ ನೆರಳಲ್ಲಿ ಹಾಲು ಆರಲು ಬಿಟ್ಟು ಆಮೇಲೆ ನೆಡಿ.

ಕೊನೆಯ ಸಂಜೆ ಹೊಳೆನರಸೀಪುರಕ್ಕಿರಲಿ. ಲಕ್ಷ್ಮೀನರಸಿಂಹಸ್ವಾಮಿಯ ದರ್ಶನ ಮಾಡಿ ಹೇಮಾವತಿಯ ದಡಕ್ಕೆ ಇಳಿಯಬಹುದು. ಹೊಳೆದಾಸವಾಳವೆಂಬ ನೇರಳೆ ಹೂವಿನ ನಮ್ಮದೇ ಮರಕ್ಕೆ ಇಂಥ ನೀರಿನ ಬದಿಯೇ ಇಷ್ಟ. ದಾಸವಾಳಕ್ಕೂ ಅದಕ್ಕೂ ನಂಟಿಲ್ಲ. ಅದು ಗೋರಂಟಿಯ ಕುಟುಂಬದ್ದು. ಮೈಸೂರು ಕಡೆಯವರು ಇಲ್ಲಿಂದಲೇ ರೈಲು ಹಿಡಿಯಬಹುದು.