ಆಯಿ ಇಟ್ಟ ಹೆಸರು ‘ಉಂಡಿ’

ಪ್ರಶ್ನೆ: ಸಿಂದಗಿ ತಾಲ್ಲೂಕಿನ ಹಳ್ಳಿಯವಳು, ವಯಸ್ಸು 19, ಪದವಿ ಓದುತ್ತಿದ್ದೇನೆ. ಹುಟ್ಟಿದಾಗ ಗುಂಡಗಿದ್ದೆನೆಂದು ಆಯಿ (ಅಜ್ಜಿ) ‘ಉಂಡಿ’ ಎಂದು ಕರೆದಳು. ಮನೆಮಂದಿಗೆಲ್ಲ ಅದೇ ರೂಢಿಯಾಯಿತು. ಈಚೆಗೆ ಬಸ್ ಸ್ಟ್ಯಾಂಡಿನಲ್ಲಿ ಕಾಕಾ ಗೆಳತಿಯರ ಎದುರೇ ಹಾಗೆ ಕೂಗಿದರು. ಈಗ ಕ್ಲಾಸಿನವರು ಅದನ್ನೇ ಹಿಡಿದು ನನ್ನ ಮೈ ನೋಡಿ ನಗುತ್ತಾರೆ. ರಾತ್ರಿ ಊಟ ಬಿಟ್ಟಿದ್ದೇನೆ. ಮನೆಯಲ್ಲಿ ಹೇಳಿದರೆ ಆಯಿ ನೊಂದುಕೊಳ್ಳುತ್ತಾಳೆ. ಏನು ಮಾಡಲಿ?

ಉತ್ತರ: ನಿಮ್ಮ ನೋವು ಸಣ್ಣದಲ್ಲ. “ಪ್ರೀತಿಲೆ ಅಂದದ್ದಕ್ಕ ಯಾಕ ಬ್ಯಾಸರ ಮಾಡ್ಕೋತಿ?” ಎಂದು ಯಾರಾದರೂ ಕೇಳಿಯಾರು. ಆದರೆ ಮನೆಯಲ್ಲಿ ನಿರಾಳವಾಗಿ ಓಗೊಡುತ್ತಿದ್ದ ಹೆಸರೇ ಹೊರಗೆ ಚುಚ್ಚುಮಾತಾದರೆ ಅದನ್ನು ತಡೆಯಲು ಮನಸ್ಸು ಸಿದ್ಧವಾಗಿರುವುದಿಲ್ಲ. ಅಳು ಬರುವುದು ಸಹಜ.

ಆಯಿಯ ಕಡೆಯಿಂದಲೂ ಒಮ್ಮೆ ನೋಡೋಣ. ಇಂಡಿಯಿಂದ ಮುದ್ದೇಬಿಹಾಳದವರೆಗೆ, ಬಸವನ ಬಾಗೇವಾಡಿಯ ಸುತ್ತಲೂ ದಿನದ ಊಟವೆಂದರೆ ಜೋಳದ ರೊಟ್ಟಿ, ಬ್ಯಾಳಿ, ಪಲ್ಯ. ಆಯಿಯ ಕಾಲದಲ್ಲಿ ಸಿಹಿ ಹಬ್ಬಕ್ಕೇ ಮೀಸಲು. ಈ ಸೀಮೆಯಲ್ಲಿ ಸಕ್ರೆವ್ವ, ಸಕ್ರೆಪ್ಪ ಎಂಬ ಹೆಸರುಗಳೂ ಇವೆ. ಉಂಡಿಯಂತೂ ಶ್ರಾವಣದ ನಾಗರ ಪಂಚಮಿಯದು. ಶೇಂಗಾ, ಎಳ್ಳು, ತಂಬಿಟ್ಟಿನ ಉಂಡಿಗಳಿಂದ ಡಬ್ಬಿ ತುಂಬುವುದೇ ಗಂಡನ ಮನೆಯಿಂದ ಬರುವ ಹೆಣ್ಣುಮಕ್ಕಳಿಗಾಗಿ. ಬೆಲ್ಲದ ಪಾಕ ಬಿಸಿ ಇರುವಾಗಲೇ ಕಟ್ಟಬೇಕು. ಅಂಗೈ ಕೆಂಪಾಗುತ್ತದೆ, ಆದರೂ ಆರಲು ಬಿಡುವಂತಿಲ್ಲ, ಬಿಟ್ಟರೆ ಉಂಡಿ ನಿಲ್ಲದು. ಹೆಣ್ಣು ಹುಟ್ಟಿತೆಂದು ಮುಖ ಸಪ್ಪಗೆ ಮಾಡುವ ಮನೆಗಳನ್ನೂ ಕಂಡಿರುವ ಆ ಹಿರಿಯ ಜೀವ ಮೊಮ್ಮಗಳನ್ನು ಹಬ್ಬದ ಹೆಸರಿನಿಂದ ಕರೆದಿದೆ. ನನಗೆ ಅದು ದೊಡ್ಡ ಮಾತಾಗಿ ಕಾಣುತ್ತದೆ.

ಹಾಗೆಂದು ಅದನ್ನು ಎಲ್ಲರ ಬಾಯಲ್ಲೂ ಸಹಿಸಬೇಕಿಲ್ಲ. ಮುದ್ದಿನ ಹೆಸರಿಂದ ಯಾರು ಕರೆಯಬೇಕು, ಎಲ್ಲಿ ಕರೆಯಬೇಕು ಎಂದು ಹೇಳುವವರು ನೀವೇ. ಇದನ್ನು ಓದುತ್ತಿರುವ ತಂದೆ ತಾಯಂದಿರೂ ಬೆಳೆದ ಮಕ್ಕಳನ್ನು ಒಮ್ಮೆ ಕೇಳಿ ನೋಡಿ: “ಹಿಂಗ ಕರೀಲೇನು?”

ಮೊದಲು ಅವ್ವನ ಹತ್ತಿರ ಕೂತು ನಡೆದದ್ದನ್ನು ಹೇಳಿ. ಕಾಕಾಗೆ ಅವ್ವನೇ ತಿಳಿಸಲಿ. ಅವರು ನಿಮ್ಮನ್ನು ನೋಯಿಸಬೇಕೆಂದು ಕೂಗಿರಲಾರರು. ಆಯಿಗೆ, “ಮನ್ಯಾಗ ನೀ ಹಂಗ ಕರಿ ಆಯಿ, ಹೊರಗ ನನ್ನ ಹೆಸರು ಹಿಡದು ಕರಿ” ಎಂದರೆ ಸಾಕು. ಕ್ಲಾಸಿನಲ್ಲಿ ನಂಬಿಕೆಯ ಗೆಳತಿಯೊಬ್ಬಳನ್ನು ಜೊತೆಗಿಟ್ಟುಕೊಂಡು, “ಅದು ನಮ್ಮ ಮನಿ ಹೆಸರು, ನೀವು ಕರೀಬ್ಯಾಡ್ರಿ” ಎಂದು ಒಮ್ಮೆ ಸ್ಪಷ್ಟವಾಗಿ ಹೇಳಿ. ಆಮೇಲೂ ನಿಲ್ಲದಿದ್ದರೆ ಅಧ್ಯಾಪಕರಿಗೆ ತಿಳಿಸಿ. ಅದು ಚಾಡಿಯಲ್ಲ.

ನನಗೆ ಹೆಚ್ಚು ಚಿಂತೆ ನಿಮ್ಮ ಊಟದ್ದು. ಇವತ್ತು ರಾತ್ರಿಯಿಂದಲೇ ಎಲ್ಲರ ಜೊತೆ ಊಟಕ್ಕೆ ಕೂಡಿ. ತಟ್ಟೆ ಕಂಡರೆ ಭಯವಾದರೆ, ಉಂಡದ್ದನ್ನು ವಾಂತಿ ಮಾಡಬೇಕೆನಿಸಿದರೆ ಅಥವಾ ನಿದ್ದೆ ಬಾರದಿದ್ದರೆ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಒಬ್ಬರೇ ಮಾತಾಡಲು ಹಿಂಜರಿಕೆಯಾದರೆ ಅವ್ವನನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿ.