ಹಳೆಯ ವಾಲ್ವ್ ಆಂಪ್ಲಿಫೈಯರಿನಲ್ಲಿ ಮೌತ್ ಆರ್ಗನ್ನಿನ ನಾದ

ಗಿಟಾರಿಗೆ ಇಂಪಾಗಿ ನುಡಿಯುವ ತಮ್ಮ 1950ರ ದಶಕದ ಫೆಂಡರ್ ಚಾಂಪ್ ಆಂಪ್ಲಿಫೈಯರು ಮೌತ್ ಆರ್ಗನ್ನಿಗೆ ಮಾತ್ರ, ಧ್ವನಿಯನ್ನು ತುಸು ಏರಿಸಿದೊಡನೆಯೇ, ಏಕೆ ಕಿರುಚುತ್ತದೆಂದು ಕೇಳಿದ್ದೀರಿ. ಗಿಟಾರಿನ ಪಿಕಪ್ಪಿಗೆಂದು ನಿಯೋಜಿತವಾದ ವರ್ಧನಶಕ್ತಿಯು, ಅಂಗೈಗಳ ನಡುವೆ ವಾದ್ಯದೊಡನೆ ಬಿಗಿಯಾಗಿ ಹಿಡಿದ ಮೈಕಿಗೆ ಅತಿಯಾಗಿ, ಸ್ಪೀಕರಿನಿಂದ ಹೊರಟ ಧ್ವನಿಯೇ ಮರಳಿ ಮೈಕನ್ನು ಪ್ರವೇಶಿಸಿ ಸುತ್ತುಸುತ್ತಿಗೂ ಬೆಳೆಯುವುದೇ ಇದಕ್ಕೆ ಕಾರಣ. ಆದುದರಿಂದ ಬೆಸುಗೆಯ ಮಾತೆತ್ತುವ ಮುನ್ನ, ಮೊದಲೆರಡು ಹಂತಗಳಿಗೂ ದುಡಿಯುವ, ಸುಮಾರು 100ರ ವರ್ಧನಾಂಕವುಳ್ಳ 12ಎಎಕ್ಸ್7 ವಾಲ್ವನ್ನು ತೆಗೆದು, ಸುಮಾರು 40ರಷ್ಟೇ ಉಳ್ಳ 12ಎವೈ7 ವಾಲ್ವನ್ನು ಅದೇ ಸಾಕೆಟ್ಟಿನಲ್ಲಿ ಕೂರಿಸಿ ನುಡಿಸಿ ನೋಡಿರಿ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಫಲಕಾರಿಯಾದ ಮಾರ್ಪಾಡು ಬೇರೊಂದಿಲ್ಲ. ತಮ್ಮದು ಕ್ರಿಸ್ಟಲ್ ಮೈಕಾಗಿದ್ದಲ್ಲಿ, ಒಳಸೇರುವೆಡೆಯ 1 ಮೆಗಾಓಮ್ ರೆಸಿಸ್ಟರಿಗೆ ಬದಲಾಗಿ 5 ಮೆಗಾಓಮಿನದನ್ನು ಹಾಕಿಸಿದರೆ ಮಂದ್ರಸ್ವರಗಳು ತುಂಬಿ ಬರುವುವು. ಈ ಕೆಲಸವನ್ನು ಮಾತ್ರ ತಾವೇ ಮಾಡತಕ್ಕದ್ದಲ್ಲ: ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಮೀರಿ ವಿದ್ಯುತ್ತು ಉಳಿದಿರಬಹುದಾದುದರಿಂದ ಅದು ಪ್ರಾಣಾಪಾಯಕರ. ವಾಲ್ವ್ ಯಂತ್ರಗಳಲ್ಲಿ ನುರಿತವರಿಂದ ಆ ಜೀರ್ಣ ಕೆಪಾಸಿಟರುಗಳನ್ನೂ ಬದಲಿಸಿ, ಅರ್ತ್ ಸಹಿತವಾದ ಮೂರು ಪಿನ್ನಿನ ವಯರನ್ನು ಹಾಕಿಸಿಕೊಳ್ಳಿರಿ. ಟ್ರಾನ್ಸ್‌ಫಾರ್ಮರುಗಳನ್ನೂ ಸ್ಪೀಕರನ್ನೂ ಮುಟ್ಟಗೊಡದೆ, ತೆಗೆದ ಮೂಲಭಾಗಗಳನ್ನು ಪೊಟ್ಟಣ ಕಟ್ಟಿ ಜೋಪಾನವಾಗಿರಿಸಿರಿ.